ನಡೆಸುವ ಅವಸರ

ಹೊರನಾಡಿನ ನಮ್ಮ ಮನೆಗಳಲ್ಲಿ ಮಗುವಿಗೆ ಒಂಬತ್ತು ತಿಂಗಳು ತುಂಬುತ್ತಲೇ ಒಂದು ವಿಚಾರಣೆ ಆರಂಭವಾಗುತ್ತದೆ. "ಇನ್ನೂ ನಡೆಯುತ್ತಿಲ್ಲವೇ?" ಎಂದು ಧಾರವಾಡದಿಂದಲೋ ಉಡುಪಿಯಿಂದಲೋ ಅಜ್ಜಿ ಫೋನಿನಲ್ಲಿ ಕೇಳುತ್ತಾರೆ. ಲಿಫ್ಟಿನಲ್ಲಿ ಎದುರು ಮನೆಯವರು ಕೇಳುತ್ತಾರೆ. ತಾಯಿಯ ಮೊಬೈಲಿನಲ್ಲಿರುವ ಆ್ಯಪ್ ಸಹ ವಾರಕ್ಕೊಮ್ಮೆ ತಪ್ಪದೆ ಕೇಳುತ್ತದೆ. ಕೇಳಿದವರಲ್ಲಿ ಯಾರೊಬ್ಬರೂ ಹತ್ತು ನಿಮಿಷ ನೆಲದ ಮೇಲೆ ಕುಳಿತು ಆ ಮಗು ಏನು ಮಾಡುತ್ತಿದೆಯೆಂದು ನೋಡಿರುವುದಿಲ್ಲ. ಕೊನೆಗೆ ಮೊದಲ ಹುಟ್ಟುಹಬ್ಬಕ್ಕೆ ಮುನ್ನವೇ ಬಂಧುವೊಬ್ಬರು ಬಣ್ಣದ ಕಾಗದದಲ್ಲಿ ಸುತ್ತಿದ ದೊಡ್ಡ ಪೆಟ್ಟಿಗೆಯೊಂದನ್ನು ಹೊತ್ತು ತರುತ್ತಾರೆ. ಒಳಗೆ ಚಕ್ರ, ಸಂಗೀತ, ಮಿಣುಕುದೀಪಗಳುಳ್ಳ ವಾಕರ್. ನನ್ನ ಜಗಳ ಆ ವಾಕರಿನೊಂದಿಗೆ ಮತ್ತು ಅದನ್ನು ಮನೆಯೊಳಗೆ ತರಿಸುವ ಅವಸರದೊಂದಿಗೆ.

ಮಗು ನಡೆಯಲು ಸಿದ್ಧವಾಗುತ್ತಿರುವ ಲಕ್ಷಣಗಳು ಗುಟ್ಟಿನವೇನಲ್ಲ. ಮೊದಲು ಅದು ಮಂಚದ ಅಂಚನ್ನೋ ತಾಯಿಯ ಸೀರೆಯ ನಿರಿಗೆಯನ್ನೋ ಹಿಡಿದು ಎದ್ದು ನಿಲ್ಲುತ್ತದೆ. ನಿಂತಮೇಲೆ ಕೂರುವುದು ಹೇಗೆಂದು ತಿಳಿಯದೆ ಅಳುತ್ತದೆ. ಈ ಅಳುವನ್ನು ನಾವು ಹಟವೆಂದು ತಿಳಿದು ಎತ್ತಿಕೊಂಡುಬಿಡುತ್ತೇವೆ. ಮೊಣಕಾಲು ಮಡಿಸಿ ಮೆಲ್ಲಗೆ ಇಳಿಯುವ ವಿದ್ಯೆಯನ್ನು ಅದು ಕಲಿಯುತ್ತಿರುವುದು ಆ ಗಳಿಗೆಯಲ್ಲೇ. ಕೆಲವು ವಾರಗಳ ಬಳಿಕ ದಿವಾನದ ಅಂಚು ಹಿಡಿದು ಏಡಿಯಂತೆ ಅಡ್ಡಡ್ಡ ಸರಿಯುತ್ತದೆ. ಅಲ್ಲಿಂದ ಟೀಪಾಯಿಗೆ ಕೈ ಚಾಚುವಾಗ ಎರಡರ ನಡುವಿನ ಗೇಣುದ್ದದ ತೆರಪನ್ನು ಅಳೆಯುವ ಅದರ ಕಣ್ಣುಗಳನ್ನು ನೋಡಬೇಕು. ಕೆಲವು ಮಕ್ಕಳು ಮಂಡಿಯನ್ನು ನೆಲದಿಂದ ಎತ್ತಿ, ಅಂಗೈ ಅಂಗಾಲುಗಳ ಮೇಲೆ ಕರಡಿಯ ಹಾಗೆ ಓಡಾಡುತ್ತವೆ. ಕುರ್ಚಿಯನ್ನೋ ಅಕ್ಕಿಯ ಡಬ್ಬಿಯನ್ನೋ ತಳ್ಳಿಕೊಂಡು ಹೋಗುತ್ತವೆ. ಮುಂದೊಂದು ದಿನ ಎರಡೂ ಕೈಯಲ್ಲಿ ಆಟಿಕೆ ಹಿಡಿದು ನೋಡುತ್ತ, ತಾನು ಏನನ್ನೂ ಆತುಕೊಂಡಿಲ್ಲವೆಂಬುದನ್ನೇ ಮರೆತು ಮಗು ನಾಲ್ಕು ಕ್ಷಣ ನಿಂತಿರುತ್ತದೆ. ನೆನಪಾದೊಡನೆ ಧೊಪ್ಪನೆ ಕೂರುತ್ತದೆ. ಮೊದಲ ಹೆಜ್ಜೆ ಇನ್ನು ದೂರವಿಲ್ಲವೆನ್ನಲು ಇದಕ್ಕಿಂತ ಹೆಚ್ಚಿನ ಸೂಚನೆ ಬೇಕಿಲ್ಲ.

ನಮ್ಮ ನುಡಿ ಇದನ್ನೆಲ್ಲ ಬಲ್ಲದು. ಬೋರಲು ಬೀಳುವುದು, ತೆವಳುವುದು, ಅಂಬೆಗಾಲಿಡುವುದು, ದಟ್ಟಡಿಯಿಡುವುದು ಎಂದು ಒಂದೊಂದು ಘಟ್ಟಕ್ಕೂ ಬೇರೆ ಬೇರೆ ಮಾತುಗಳಿವೆ. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನಿಗೇ ಗುಡಿಯಿದೆ. ಮಕ್ಕಳ ಫಲ ಬೇಡುವವರು ಅಲ್ಲಿಗೆ ತೊಟ್ಟಿಲು ಒಪ್ಪಿಸುತ್ತಾರೆ. ಆ ದೇವರನ್ನು ಯಾರೂ ನೀನಿನ್ನೂ ಏಕೆ ನಡೆಯುತ್ತಿಲ್ಲವೆಂದು ಕೇಳಿದವರಿಲ್ಲ.

ಅಂಕಿಅಂಶಗಳೂ ಅವಸರದವರ ಪರವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ದೇಶಗಳ 816 ಆರೋಗ್ಯವಂತ ಮಕ್ಕಳನ್ನು ಗಮನಿಸಿತ್ತು. ಭಾರತದ ಮಕ್ಕಳು ದೆಹಲಿಯವರು. ಆಸರೆಯಿಲ್ಲದೆ ನಡೆಯುವ ಸಹಜ ಅವಧಿ 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿದೆಯೆಂದು ಅದು ಕಂಡುಕೊಂಡಿತು. ಅಂದರೆ ಎದುರು ಮನೆಯ ಮಗು ಹತ್ತನೆಯ ತಿಂಗಳಿಗೆ ನಡೆದು ನಿಮ್ಮದು ಹದಿನಾರರಲ್ಲಿ ನಡೆದರೂ ಎರಡೂ ಸಹಜವೇ. ಆ ಮಕ್ಕಳಲ್ಲಿ ನೂರಕ್ಕೆ ನಾಲ್ಕರಷ್ಟು ಅಂಬೆಗಾಲನ್ನೇ ಇಡಲಿಲ್ಲ, ಆದರೂ ನಡೆದವು. ಸರಾಸರಿ ಹನ್ನೆರಡು ತಿಂಗಳೆಂಬ ಮಾತನ್ನು ನಾವು ಹೇಗೋ ಗಡುವೆಂದು ಓದಿಕೊಂಡಿದ್ದೇವೆ. ಶಾಲೆಯ ಫಲಿತಾಂಶ ಓದಿ ರೂಢಿಯಾದ ಕಣ್ಣುಗಳಿಗೆ ಬೇರೆ ಓದು ಬರುವುದಿಲ್ಲವೋ ಏನೋ.

ಈಗ ವಾಕರಿನ ವಿಷಯ. ಅದರಲ್ಲಿ ಕೂತ ಮಗುವಿನ ಭಾರವನ್ನು ಹೊರುವುದು ಬಟ್ಟೆಯ ಆಸನ. ಕಾಲಿನ ಕೆಲಸ ಬೆರಳ ತುದಿಯಿಂದ ನೆಲವನ್ನು ಮೀಟುವುದಷ್ಟೇ. ಮುಂದಿನ ತಟ್ಟೆ ಅಡ್ಡವಾಗಿರುವುದರಿಂದ ಅದಕ್ಕೆ ತನ್ನ ಪಾದವೇ ಕಾಣುವುದಿಲ್ಲ. ಬೀಳಲು ಆಸ್ಪದವಿಲ್ಲವಾದ್ದರಿಂದ ಸಮತೋಲವೆಂದರೇನೆಂದು ಅದು ಕಲಿಯುವುದೂ ಇಲ್ಲ. 2012ರಲ್ಲಿ ಪ್ರಕಟವಾದ, ಕ್ಯಾರನ್ ಅಡಾಲ್ಫ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಸ್ವಚ್ಛಂದವಾಗಿ ಆಡುವ ಎಳೆಯ ಮಕ್ಕಳು ಗಂಟೆಗೆ ಸರಾಸರಿ 2,368 ಹೆಜ್ಜೆಯಿಟ್ಟು 17 ಸಲ ಬಿದ್ದದ್ದು ದಾಖಲಾಗಿದೆ. ಈ ಹದಿನೇಳು ಬೀಳುಗಳನ್ನು ಕಸಿದುಕೊಂಡು ನಾವು ಮಗುವಿಗೆ ಉಪಕಾರ ಮಾಡಿದೆವೆಂದು ಭಾವಿಸುತ್ತೇವೆ. ವಾಕರ್ ಬಳಸಿದ ಮಕ್ಕಳು ಕೂರುವುದು, ಅಂಬೆಗಾಲಿಡುವುದು, ನಡೆಯುವುದು ಎಲ್ಲವೂ ತಡವಾಯಿತೆಂದು ಅಮೆರಿಕದ ಒಂದು ಅಧ್ಯಯನ 1999ರಷ್ಟು ಹಿಂದೆಯೇ ತೋರಿಸಿತ್ತು.

ತಡವಾಗುವುದು ಸಣ್ಣ ಮಾತು. ಆ ಚಕ್ರಗಳು ಮಗುವನ್ನು ಒಂದು ಸೆಕೆಂಡಿನಲ್ಲಿ ಮೂರು ಅಡಿಗೂ ಮೀರಿ ಒಯ್ಯಬಲ್ಲವು. ಬಾಗಿಲು ತೆರೆದಿದ್ದರೆ ಮೆಟ್ಟಿಲು, ಒಳಗೆ ನುಗ್ಗಿದರೆ ಅಡುಗೆಮನೆ. ಎತ್ತರ ಹೆಚ್ಚಿದ ಕೈಗೆ ಚಹಾದ ಲೋಟವೂ ಇಸ್ತ್ರಿಪೆಟ್ಟಿಗೆಯ ವೈರೂ ಎಟಕುತ್ತವೆ. ಪಕ್ಕದಲ್ಲೇ ನಿಂತ ತಾಯಿಗೂ ಕೈ ಚಾಚುವಷ್ಟು ಸಮಯ ಸಿಗುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2001ರಲ್ಲೇ ಇದರ ನಿಷೇಧಕ್ಕೆ ಒತ್ತಾಯಿಸಿತು. ಕೆನಡಾ 2004ರಲ್ಲಿ ಮಾರಾಟ, ಆಮದು, ಜಾಹೀರಾತು ಮೂರನ್ನೂ ನಿಷೇಧಿಸಿತು. ಬಳಸಿ ಬಿಟ್ಟ ಹಳೆಯದನ್ನು ಮಾರುವುದೂ ಅಲ್ಲಿ ಅಪರಾಧ. ನಮ್ಮ ದಾದರಿನಲ್ಲೂ ಟಿ.ನಗರದಲ್ಲೂ ಅದು ಅಂಗಡಿಯ ಮುಂಗಟ್ಟಿನಲ್ಲೇ ತೂಗುತ್ತದೆ.

"ಹಿಂದೆಯೂ ಬಂಡಿ ಇತ್ತಲ್ಲ" ಎನ್ನುವವರಿದ್ದಾರೆ. ಇತ್ತು, ಈಗಲೂ ಇದೆ. ಮರಾಠಿಗರ ಪಾಂಗುಳಗಾಡಾ, ತಮಿಳರ ನಡೈವಂಡಿ, ನಮ್ಮ ಮೂರು ಗಾಲಿಯ ಮರದ ತಳ್ಳುಬಂಡಿ ಎಲ್ಲ ಒಂದೇ ಬಳಗ. ಆದರೆ ಮಗು ಆ ಬಂಡಿಯ ಹಿಂದೆ ತನ್ನ ಕಾಲ ಮೇಲೆ ತಾನೇ ನಿಂತು ಅದನ್ನು ತಳ್ಳಬೇಕು. ನಿಲ್ಲಲು ಬಾರದ ಮಗುವಿಗೆ ಅದರಿಂದ ಪ್ರಯೋಜನವಿಲ್ಲ, ಆದ್ದರಿಂದ ಅದು ಹೊತ್ತಿಗೆ ಮುಂಚೆ ಕೈಗೆ ಬರುತ್ತಲೂ ಇರಲಿಲ್ಲ. ಅದಕ್ಕೂ ಮೆಟ್ಟಿಲಿಂದ ದೂರ, ದೊಡ್ಡವರ ಕಣ್ಣಳವಿನಲ್ಲಿ ಜಾಗ ಬೇಕು ಎಂಬುದು ಬೇರೆ ಮಾತು.

ಇನ್ನೊಂದು ಆಕ್ಷೇಪಣೆಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಒಂದೇ ಮಲಗುವ ಕೋಣೆಯ ಮನೆ, ಏಳೂವರೆಯ ಲೋಕಲ್, ಊರಿನಲ್ಲುಳಿದ ಅತ್ತೆ; ಕುಕ್ಕರ್ ಇಡುವ ಇಪ್ಪತ್ತು ನಿಮಿಷ ಮಗುವನ್ನು ಎಲ್ಲಿ ಬಿಡಬೇಕೆಂದು ತಾಯಿ ಕೇಳಿದರೆ ಉಪದೇಶ ಉತ್ತರವಾಗದು. ಕಂಬಿಯಿರುವ ಮಕ್ಕಳ ಮಂಚ, ಇಲ್ಲವೇ ಅಡ್ಡಗಟ್ಟಿದ ಒಂದು ಮೂಲೆಯಲ್ಲಿ ಚಾಪೆ ಮತ್ತು ನಾಲ್ಕು ಸ್ಟೀಲ್ ಪಾತ್ರೆ ಸಾಕು. ಹಿಡಿದು ನಿಲ್ಲಲು ಅಲ್ಲಿಯೇ ಏನಾದರೂ ಸಿಗುತ್ತದೆ. ಆ ಇಪ್ಪತ್ತು ನಿಮಿಷ ತಂದೆಯೂ ನೆಲದ ಮೇಲೆ ಕೂರಬಹುದು. ಇದನ್ನು ಬರೆಯಬೇಕಾಗಿರುವುದೇ ಸೋಜಿಗ.

ಅವಸರದ ಎದುರು ತುದಿಯಲ್ಲಿ ಮತ್ತೊಂದು ಉಡಾಫೆಯಿದೆ: "ನಮ್ಮ ವಂಶದಲ್ಲೇ ಎಲ್ಲರೂ ತಡವಾಗಿ ನಡೆದವರು." ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು ಈ ಮಾತಿನ ಬಲದಿಂದ ಮನೆಯಲ್ಲಿರಿಸಿಕೊಳ್ಳಬಾರದು. ಹತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದು ಕೈ ಅಥವಾ ಒಂದು ಕಾಲನ್ನಷ್ಟೇ ಬಳಸುತ್ತಿದ್ದರೆ, ನಡೆಯತೊಡಗಿದಾಗ ಕುಂಟುತ್ತಿದ್ದರೆ, ಕಲಿತದ್ದನ್ನು ಕಳೆದುಕೊಳ್ಳುತ್ತಿದ್ದರೆ ಹದಿನೆಂಟರವರೆಗೂ ಕಾಯದೆ ಮಕ್ಕಳ ವೈದ್ಯರ ಬಳಿ ಹೋಗಬೇಕು. ವಾಕರಿನಲ್ಲಿ ಮನೆಯೆಲ್ಲ ತಿರುಗುವ ಮಗುವಿನಲ್ಲಿ ಇಂಥ ಕೊರತೆ ಕಣ್ಣಿಗೆ ಬೀಳುವುದೇ ಕಷ್ಟ, ಏಕೆಂದರೆ ಅದು ಚಲಿಸುತ್ತಲೇ ಇರುತ್ತದೆ.

ಇನ್ನು ಅಟ್ಟದ ಮೇಲಿರುವ ಹಳೆಯ ವಾಕರ್. ಅದನ್ನು ಮನೆಗೆಲಸಕ್ಕೆ ಬರುವಾಕೆಯ ಮಗುವಿಗೆಂದು ದಾನ ಮಾಡುವ ರೂಢಿ ನಮ್ಮಲ್ಲಿದೆ. ಕಡಿದಾದ ಮೆಟ್ಟಿಲು, ನೆಲದ ಮೇಲೆಯೇ ಉರಿಯುವ ಒಲೆ ಇರುವ ಮನೆಗೆ ಅದು ಹೋಗಿ ಸೇರುತ್ತದೆ. ಯಾರಿಗೂ ಕೊಡಬೇಡಿ. ಭಂಗಾರಿನವನ ಕೈಗೆ ಹಾಕುವಾಗಲೂ ಮೊದಲು ಚಕ್ರಗಳನ್ನು ಕಿತ್ತುಬಿಡಿ.