ಚರಿತ್ರೆ ಅಚ್ಚಾಯಿತು, ನಮ್ಮ ಕರಪತ್ರಗಳೆಲ್ಲಿ?

ನಗರದ ರಂಗಮಂದಿರದ ಆಡಳಿತಾಧಿಕಾರಿಗಳಿಗೆ, ಮರವಂತೆಯಿಂದ ಈ ಪತ್ರ.



ರಂಗಮಂದಿರವನ್ನು ನವೀಕರಿಸಿ, ಅದರ ಚರಿತ್ರೆಯ ಪುಸ್ತಕವನ್ನೂ ಬಿಡುಗಡೆ ಮಾಡಿದಿರಿ. ನಾನು ಕೇಳುತ್ತಿರುವುದು ನಮ್ಮ ತಂದೆಯವರ ಕಟ್ಟನ್ನು. ಯಕ್ಷಗಾನದ ಡೇರೆ ಮೇಳಗಳ, ಕಂಪನಿ ನಾಟಕಗಳ ಹಳೆಯ ಕರಪತ್ರಗಳು. ಕಡಲ ಉಪ್ಪುಗಾಳಿಯಲ್ಲಿ ಅವರು ಅವನ್ನು ಹೇಗೆ ಉಳಿಸಿದರೋ! ಆ ಪುಸ್ತಕಕ್ಕಾಗಿ ಪ್ರತಿ ಮಾಡಿಕೊಂಡು ಬಿಡುಗಡೆಗೆ ಮೊದಲೇ ಮರಳಿಸುತ್ತೇವೆಂದು ತಾವೇ ಹೇಳಿ ಒಯ್ದಿರಿ. ಫೋನು ಮಾಡಿದೆ, ಖುದ್ದು ಬಂದೆ, ನೆನಪೋಲೆ ಬರೆದೆ. ಅದಕ್ಕೆ ಟಪಾಲು ವಿಭಾಗದ ಮೊಹರು ಮಾತ್ರ ಸಿಕ್ಕಿತು.

ಪುಸ್ತಕದಲ್ಲಿ ಅಡಿಗಲ್ಲಿದೆ, ಮಂತ್ರಿಗಳಿದ್ದಾರೆ, ಹೊಸ ಕುರ್ಚಿಗಳೂ ಇವೆ. ಯಕ್ಷಗಾನಕ್ಕೆ ಸಿಕ್ಕಿದ್ದು 'ಇತರ ಜಾನಪದ ಕಾರ್ಯಕ್ರಮಗಳು' ಎಂಬ ಅರ್ಧ ಸಾಲು. ನಮ್ಮ ಕೋಟದ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಶುರುವಾಗಿ ಅರ್ಧ ಶತಮಾನ ದಾಟಿತು. ಯಕ್ಷಗಾನ 'ಇತರ' ಆದದ್ದು ಯಾವಾಗ, ಮಾರಾಯರೇ?

ಕಟ್ಟಡದ ಚರಿತ್ರೆಯೇ ರಂಗದ ಚರಿತ್ರೆಯಲ್ಲ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ 1963ರಲ್ಲಿ, ಟಾಗೋರರ ಶತಮಾನೋತ್ಸವದ ನೆನಪಿಗೆ ತೆರೆಯಿತು. ಆದರೆ ರಂಗದವರು ಇಂದಿಗೂ ಮಾತಾಡುವುದು 1972ರ ಬಗ್ಗೆ. ಮಂಚಿಯಲ್ಲಿ ಹುಟ್ಟಿದ ನಿರ್ದೇಶಕ ಬಿ.ವಿ. ಕಾರಂತರು ಆ ಭವ್ಯ ಕಟ್ಟಡದ ಹಿಂದಿನ ಬಯಲಿಗೆ ಬಂದು 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ' ಆಡಿಸಿದರು. ಅಂಥ ರಾತ್ರಿಗಳಿಗೆ ಸಾಕ್ಷಿ ಉಳಿಯುವುದು ಕರಪತ್ರದಲ್ಲಿ, ಫೋಟೋದಲ್ಲಿ, ನೋಡಿದವರ ಬಾಯಲ್ಲಿ. ಗುತ್ತಿಗೆದಾರನ ಬಿಲ್ಲಿನಲ್ಲಿ ಅಲ್ಲ. ಚರಿತ್ರೆ ಬರೆಯಲು ನಮ್ಮ ಕಾಗದ ಬೇಕಿತ್ತು, ಬರೆದ ಮೇಲೆ ನಾವು ಬೇಡವಾದೆವು.

ಕಟ್ಟು ಎಲ್ಲಿ ಎಂದು ಕೇಳಿದರೆ, 'ಎಲ್ಲೋ ಗೋದಾಮಿನಲ್ಲಿ ಇರಬೇಕು, ನೋಡೋಣ' ಎಂದರು ತಮ್ಮ ಸಿಬ್ಬಂದಿ. ಕಳೆದುಹೋಗಿದ್ದರೆ ಹಾಗೆಂದು ಬರೆದುಕೊಡಿ. ನೋಡೋಣ ಎಂದರೇನು?

ಮಂದಿರದ ಬಗ್ಗೆ ಹೇಳಹೊರಟರೆ ಬಹಳವಿದೆ. ಮುಂಗಡ ಕಟ್ಟಿದ ಹವ್ಯಾಸಿ ತಂಡದ ದಿನಾಂಕವನ್ನು ಸರ್ಕಾರಿ ಸಮಾರಂಭಕ್ಕೆಂದು ಹಿಂದಿನ ದಿನ ರದ್ದು ಮಾಡುತ್ತೀರಿ. ಬಾಡಿಗೆ ಕೇಳಿದರೆ ಹಳ್ಳಿಯ ತಂಡ ಬಾಗಿಲಲ್ಲೇ ಹಿಂದಿರುಗುತ್ತದೆ. ಕೋಟಿ ಸುರಿದ ಮೇಲೂ ಬಣ್ಣದ ಕೋಣೆಯ ನಲ್ಲಿಯಲ್ಲಿ ನೀರಿಲ್ಲ, ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಮರೆಯಿಲ್ಲ. ಬಯಲಾಟದ ಚೌಕಿಯೇ ಇದಕ್ಕಿಂತ ವಾಸಿ. ಕಲಾವಿದರಿಗಲ್ಲದ ಮಂದಿರ ಯಾರಿಗೆ, ರಿಬ್ಬನ್ ಕತ್ತರಿಸುವವರಿಗೋ?

ಇವಕ್ಕೆ ಉತ್ತರ ನಿಧಾನವಾಗಿ ಕೊಡಿ. ಕಟ್ಟನ್ನು ಮಾತ್ರ ಈ ವಾರವೇ ಕೊಡಿ. ಅಂಚೆಗೆ ಹಾಕಬೇಡಿ, ಕಾಗದ ಹುಡಿಯಾದೀತು. ತೆಗೆದುಕೊಂಡು ಹೋದವರೇ ತಂದುಕೊಡಲಿ. ಮನೆಯ ದಾರಿ ತಮಗೆ ಗೊತ್ತು.

ಇಂತಿ,
ಕಟ್ಟಿನ ವಾರಸುದಾರ