ಎತ್ತುಗಳು ಏರಿದ ಬಂಡಿ

ಎತ್ತು ಬಂಡಿಯನ್ನು ಎಳೆಯುವುದು ಲೋಕರೂಢಿ. ಎತ್ತನ್ನೇ ಬಂಡಿಗೆ ಏರಿಸಿ ಎಳೆಸಿಕೊಂಡು ಹೋಗುವುದು ಈ ಕಾಲದ ಸೋಜಿಗ. ಸಂಕ್ರಾಂತಿಯ ಆಸುಪಾಸಿನಲ್ಲಿ ಕೃಷ್ಣರಾಜನಗರಕ್ಕೆ ಸಮೀಪದ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ಕಾವೇರಿ ಧುಮುಕುವ ಆ ತಾಣಕ್ಕೆ, ಕೋದಂಡರಾಮನ ಸನ್ನಿಧಿಗೆ, ಹಳ್ಳಿಕಾರ್ ಹೋರಿಗಳನ್ನು ಕರೆತರುವ ರೈತರಲ್ಲಿ ಅನೇಕರು ಇಂದು ಅವುಗಳನ್ನು ನಡೆಸಿಕೊಂಡು ಬರುವುದಿಲ್ಲ. ಟ್ರ್ಯಾಕ್ಟರಿನ ಹಿಂದೆ ಟ್ರೇಲರು. ಟ್ರೇಲರಿನ ಹಿಂಭಾಗದಲ್ಲಿ ಎತ್ತಿನ ಜೋಡಿ. ಮುಂಭಾಗದಲ್ಲಿ ಹುಲ್ಲು, ಬೂಸದ ಚೀಲ, ಅಡಿಗೆಯ ಪಾತ್ರೆ, ಹಾಸಿಗೆಯ ಸುರುಳಿ. ಮೈದಾನವನ್ನು ತಲುಪಿದೊಡನೆ ಎತ್ತುಗಳು ಇಳಿದು ಗೂಟಕ್ಕೆ ಹೋಗುತ್ತವೆ. ಬಂಡಿಯ ಮೇಲೊಂದು ಟಾರ್ಪಾಲು ಎಳೆದು ಕಟ್ಟಿದರೆ ಜಾತ್ರೆ ಮುಗಿಯುವವರೆಗೆ ಅದೇ ಮನೆ, ಅದೇ ಉಗ್ರಾಣ.

ಅಮೆರಿಕದಲ್ಲಿ ಇದನ್ನು ಹೋಲುವ ಬಂಡಿಯನ್ನು ಕಾರ್ಖಾನೆಗಳೇ ತಯಾರಿಸುತ್ತವೆ. ಅದಕ್ಕೆ ಅಲ್ಲಿ ‘ಟಾಯ್ ಹಾಲರ್’ ಎಂದು ಹೆಸರು. ಆಟಿಕೆಗಳನ್ನು ಸಾಗಿಸುವ ಬಂಡಿ ಎಂದು ಅದರ ಅರ್ಥ. ಆಟಿಕೆಯೆಂದರೆ ಮಕ್ಕಳದಲ್ಲ, ದೊಡ್ಡವರದು: ಮೋಟಾರು ಸೈಕಲ್ಲು, ಮರಳುಗಾಡಿನಲ್ಲಿ ಓಡಿಸುವ ಪುಟ್ಟ ವಾಹನ ಮುಂತಾದವು. ಬಂಡಿಯ ಹಿಂಭಾಗ ಅವುಗಳ ಕೊಟ್ಟಿಗೆ. ಮುಂಭಾಗದಲ್ಲಿ ಒಲೆ, ಮೇಜು, ಮಂಚ. ಹಿಂಬಾಗಿಲನ್ನು ನೆಲದವರೆಗೆ ಮಡಿಸಿದರೆ ಅದೇ ಏರುಹಲಗೆಯಾಗುತ್ತದೆ. ಅಲ್ಲಿ ಅದು ರಜೆಯ ವಿಲಾಸ; ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಟ್ರೇಲರು ಹೊಟ್ಟೆಪಾಡಿನ ಸಾಧನ. ಆದರೆ ಎಳೆಯುವ ಕೆಲಸದ ನಿಯಮಗಳು ಎರಡಕ್ಕೂ ಒಂದೇ.

ಈ ಸೀಮೆಗೆ ಎಳೆಯುವ ವಿದ್ಯೆ ಹೊಸದಲ್ಲ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ದನಗಳೇ ಮುಂದೆ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆದುವು. ಹೈದರ್, ಟಿಪ್ಪು ಇಬ್ಬರ ಸೈನ್ಯಗಳಲ್ಲಿಯೂ ಫಿರಂಗಿಗಳನ್ನು ಎಳೆದುವು ಈ ತಳಿಯ ಎತ್ತುಗಳೇ. ಆ ಬಳಿಕ ಬ್ರಿಟಿಷರ ಕಾಲದಲ್ಲಿ ಹುಣಸೂರು ಅಮೃತಮಹಲಿನ ಮುಖ್ಯ ಕೇಂದ್ರವಾಗಿತ್ತು. ಗಾಡಿ ಹೊಡೆಯುವವನಿಗೆ ಅಂದು ಯಾರೂ ಯಂತ್ರಶಾಸ್ತ್ರವನ್ನು ಕಲಿಸಲಿಲ್ಲ; ಆದರೂ ಅವನು ಹೇರನ್ನು ಕಂಡಕಂಡಂತೆ ತುಂಬುತ್ತಿರಲಿಲ್ಲ. ಭಾರ ಹಿಂದಾದರೆ ಮೂಕಿ ಮೇಲೇಳುತ್ತದೆ, ನೊಗದ ಹಗ್ಗ ಎತ್ತಿನ ಕೊರಳನ್ನು ಬಿಗಿಯುತ್ತದೆ. ಭಾರ ಮುಂದಾದರೆ ನೊಗ ಹೆಗಲನ್ನು ಒತ್ತಿ ಎತ್ತು ಕುಸಿಯುತ್ತದೆ. ಆದುದರಿಂದ ಅಚ್ಚಿಗೆ ತುಸು ಮುಂದಾಗಿ ಭಾರ ಕೂರುವಂತೆ ಹೇರುವುದು ವಾಡಿಕೆ. ಹೆಚ್ಚುಕಡಿಮೆಯಾದರೆ ಎತ್ತೇ ಮೊದಲು ಹೇಳುತ್ತಿತ್ತು.

ಎರಡು ಗಾಲಿಯ ಟ್ರೇಲರಿಗೂ ಇದೇ ನ್ಯಾಯ. ಅಮೆರಿಕದಲ್ಲಿ ಮನೆಬಂಡಿಯನ್ನು ಎಳೆಯುವವರಿಗೆ ಹೇಳಿಕೊಡುವ ಮೊದಲ ಪಾಠವೆಂದರೆ, ಬಂಡಿಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕು ಎಂಬುದು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಬಂಡಿ ಹಾವಿನಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ‘ಟಾಯ್ ಹಾಲರ್’ ಬಂಡಿಯಲ್ಲಿ ಆಟಿಕೆಗಳು ಅಚ್ಚಿನ ಹಿಂದೆ ನಿಲ್ಲುವುದರಿಂದ, ಬರಿದಾಗಿದ್ದಾಗ ಅದರ ಮುಂಭಾರ ಹೆಚ್ಚಾಗಿರುವಂತೆಯೇ ಅದನ್ನು ಕಟ್ಟಿರುತ್ತಾರೆ. ತುಂಬಿದ ಮೇಲೆ ಸಮತೂಕ ಸರಿಹೋಗುತ್ತದೆ. ಇಲ್ಲಿಯ ಟ್ರೇಲರು ಇಟ್ಟಿಗೆಗೆ, ಗೊಬ್ಬರಕ್ಕೆ, ಭತ್ತದ ಚೀಲಕ್ಕೆ ಎಂದು ಮಾಡಿದ್ದು. ಅದರ ಹಿಂಭಾಗಕ್ಕೆ ಆರೇಳು ನೂರು ಕಿಲೊ ತೂಗುವ ಎತ್ತಿನ ಜೋಡಿಯನ್ನು ಏರಿಸಿದಾಗ ಕೊಂಡಿಯ ಮೇಲಿನ ಭಾರ ಇಳಿಯುತ್ತದೆ. ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ನೆಲವನ್ನು ಹಿಡಿಯುವ ಬಿಗಿ ಸಡಿಲುತ್ತದೆ. ಎಲ್ಲ ಭಾರವನ್ನೂ ಮುಂದಕ್ಕೆ ತಳ್ಳಿದರೋ, ಟ್ರ್ಯಾಕ್ಟರಿನ ಮುಂಗಾಲಿಗಳು ಹಗುರಾಗಿ ತಿರುಗಣೆಯ ಮಾತನ್ನು ಕೇಳದಾಗುತ್ತವೆ. ಅದಲ್ಲದೆ ಚೀಲ ಇಟ್ಟಲ್ಲೇ ಇರುತ್ತದೆ. ಎತ್ತು ತಿರುವಿನಲ್ಲಿ ಹೆಜ್ಜೆ ಬದಲಿಸುತ್ತದೆ. ಎತ್ತರದಲ್ಲಿ ನಿಂತ ಭಾರವು ಒಂದು ಮಗ್ಗುಲಿಗೆ ಸರಿದರೆ ಬಂಡಿ ಉರುಳಲು ಹೆಚ್ಚು ಹೊತ್ತು ಬೇಡ. ಎತ್ತುಗಳನ್ನು ಅಚ್ಚಿನ ಹತ್ತಿರಕ್ಕೆ ತಂದು, ಗೊರಸು ಜಾರದಂತೆ ಹುಲ್ಲು ಹಾಸಿ, ಹಗ್ಗವನ್ನು ಗಿಡ್ಡವಾಗಿ ಕಟ್ಟಿ, ತಿರುವಿನಲ್ಲಿ ನಿಧಾನವಾಗಿ ಹೋಗುವವನೇ ಬುದ್ಧಿವಂತ.

ಟ್ರ್ಯಾಕ್ಟರು ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಕುದುರೆಯ ಶಕ್ತಿ? ಎಷ್ಟು ಎಳೆಯುತ್ತದೆ?’ ಎಂದು. ‘ಎಷ್ಟನ್ನು ನಿಲ್ಲಿಸುತ್ತದೆ?’ ಎಂದು ಕೇಳುವವರು ವಿರಳ. ಎರಡು ಟನ್ನಿನ ಟ್ರ್ಯಾಕ್ಟರು ತನಗಿಂತ ಎರಡು ಮೂರು ಪಟ್ಟು ಭಾರವನ್ನು ಸಮತಟ್ಟಾದ ರಸ್ತೆಯಲ್ಲಿ ಸಲೀಸಾಗಿ ಎಳೆಯಬಲ್ಲದು. ಆದರೆ ಹಳ್ಳಿಯ ಟ್ರೇಲರುಗಳಲ್ಲಿ ಬಹುಪಾಲಿಗೆ ಸ್ವಂತ ಬ್ರೇಕಿಲ್ಲ. ಹಿಂದಿನ ಭಾರವನ್ನೆಲ್ಲ ಮುಂದಿನ ಟ್ರ್ಯಾಕ್ಟರಿನ ಎರಡು ಗಾಲಿಗಳೇ ತಡೆಯಬೇಕು. ವೇಗ 20 ಕಿಲೋಮೀಟರಿನಿಂದ 40ಕ್ಕೆ ಏರಿದರೆ, ಅಂದರೆ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ. ಇಳಿಜಾರಿನಲ್ಲಿ ಹಿಂದಿನ ಬಂಡಿ ಮುಂದಿನದನ್ನು ನೂಕತೊಡಗುತ್ತದೆ. ರಸ್ತೆ ಒದ್ದೆಯಾಗಿದ್ದರಂತೂ ಎರಡೂ ಚಾಕುವಿನಂತೆ ಮಡಿಚಿಕೊಳ್ಳುತ್ತವೆ. ಡೀಸಲ್ ಉಳಿಯಲೆಂದು ಗೇರನ್ನು ಬಿಡಿಸಿ ಇಳಿಜಾರಿನಲ್ಲಿ ಹಾಗೆಯೇ ಉರುಳಬಿಡುವ ಅಭ್ಯಾಸ ಇಲ್ಲಿ ಪ್ರಾಣಾಂತಿಕವಾಗುತ್ತದೆ. ಇಳಿಜಾರು ಆರಂಭವಾಗುವ ಮುನ್ನವೇ ಕೆಳಗಿನ ಗೇರಿಗೆ ಬಂದು, ಇಂಜಿನ್ನಿನ ಹಿಡಿತದಲ್ಲಿಯೇ ಇಳಿಯಬೇಕು.

ಬ್ರೇಕಿನ ಇನ್ನೊಂದು ಗುಟ್ಟು ಪೇಟೆಯವರಿಗೆ ತಿಳಿದಿರಲಾರದು. ಟ್ರ್ಯಾಕ್ಟರಿಗೆ ಬ್ರೇಕಿನ ಪೆಡಲು ಒಂದಲ್ಲ, ಎರಡು, ಎಡಗಾಲಿಗೊಂದು, ಬಲಗಾಲಿಗೊಂದು. ಉಳುಮೆ ಮಾಡುವಾಗ ಹೊಲದ ಅಂಚಿನಲ್ಲಿ ಇಕ್ಕಟ್ಟಾಗಿ ತಿರುಗಲು ಈ ಏರ್ಪಾಡು. ರಸ್ತೆಗೆ ಬಂದೊಡನೆ ಎರಡನ್ನೂ ಒಂದು ಕೊಂಡಿಯಿಂದ ಜೋಡಿಸಬೇಕು. ಜೋಡಿಸಲು ಮರೆತು, ಗಾಬರಿಯಲ್ಲಿ ಒಂದನ್ನೇ ತುಳಿದರೆ ಒಂದು ಗಾಲಿ ನಿಲ್ಲುತ್ತದೆ, ಇನ್ನೊಂದು ಉರುಳುತ್ತದೆ. ಟ್ರ್ಯಾಕ್ಟರು ಗಿರ್ರನೆ ಪಕ್ಕಕ್ಕೆ ತಿರುಗುತ್ತದೆ. ಆ ಪುಟ್ಟ ಕೊಂಡಿಯನ್ನು ಹಾಕಲು ಕ್ಷಣವೊಂದು ಸಾಕು.

ಎಳೆಯುವ ಕೊಂಡಿಯ ಎತ್ತರವೂ ಅಷ್ಟೇ ಮುಖ್ಯ. ಅದು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತ ಕೆಳಗಿರಬೇಕು. ಕೆಸರಿನಲ್ಲಿ ಹೂತ ಬಂಡಿಯನ್ನು ಎಳೆಯಲೆಂದು ಸರಪಣಿಯನ್ನು ಎತ್ತರದಲ್ಲಿ ಬಿಗಿದರೆ, ಟ್ರ್ಯಾಕ್ಟರು ಮುಂಗಾಲನ್ನೆತ್ತಿದ ಕುದುರೆಯಂತೆ ಹಿಂದಕ್ಕೆ ಮಗುಚುತ್ತದೆ. ಕೆಳಗೆ ಸಿಲುಕುವವನು ಚಾಲಕ. ಕೊಂಡಿಯನ್ನು ಹಿಡಿದಿರುವ ಕಬ್ಬಿಣದ ಗೂಟ, ಆ ಗೂಟ ಮೇಲೇಳದಂತೆ ತಡೆಯುವ ಸಣ್ಣ ಪಿನ್ನು, ಗೂಟ ಮುರಿದರೂ ಬಂಡಿ ಕಳಚಿಹೋಗದಂತೆ ಹಿಡಿಯುವ ಸರಪಣಿ—ಈ ಮೂರನ್ನೂ ನೋಡದೆ ಹೊರಡುವುದು, ಹಿಂದಿನವರು ಕಡಾಣಿಯನ್ನು ನೋಡದೆ ಗಾಡಿ ಕಟ್ಟಿದಂತೆಯೇ ಸರಿ.

ಇನ್ನು ಒಡೆತನದ ಮಾತು. ವರ್ಷವೆಲ್ಲ ದುಡಿಸಿದರೇ ಟ್ರೇಲರಿನ ಸಾಲ ತೀರುವುದು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪನ್ನು ಹದ ಮಾಡುವ ಬ್ಯಾರನ್ನುಗಳಿಗೆ ಸೌದೆ ಬೇಕು. ಬೇಲುಗಳನ್ನು ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಸಾಗಿಸಬೇಕು. ಕೃಷ್ಣರಾಜನಗರದಲ್ಲಿ ಭತ್ತ, ಕಬ್ಬು. ಹೆಗ್ಗಡದೇವನಕೋಟೆಯಲ್ಲಿ ಹತ್ತಿ, ರಾಗಿ. ಸ್ವಂತ ಬೆಳೆ ಮುಗಿದ ಮೇಲೆ ನೆರೆಯವರ ಇಟ್ಟಿಗೆ, ಮಣ್ಣು, ಜಲ್ಲಿಗೂ ಬಾಡಿಗೆಗೆ ಹೋಗುವುದುಂಟು. ತೊಡಕು ಇಲ್ಲಿಯೇ. 1988ರ ಮೋಟಾರು ವಾಹನಗಳ ಕಾಯಿದೆ ಟ್ರೇಲರನ್ನೂ ಮೋಟಾರು ವಾಹನವೆಂದೇ ಎಣಿಸುತ್ತದೆ. ಅದಕ್ಕೆ ಇಂಜಿನ್ನಿಲ್ಲ, ತಾನಾಗಿ ಒಂದಡಿಯೂ ಚಲಿಸದು; ಆದರೂ ಅದಕ್ಕೆ ತನ್ನದೇ ನೋಂದಣಿ, ತನ್ನದೇ ಸಂಖ್ಯೆ ಬೇಕು. ಹುಣಸೂರಿನ ಸಾರಿಗೆ ಕಚೇರಿಯಲ್ಲಿ ನೋಂದಾಯಿಸಿದ ಟ್ರ್ಯಾಕ್ಟರಿನ ಮೇಲೆ ‘ಕೆಎ 45’ ಎಂದಿದ್ದರೆ, ಹಿಂದಿನ ಬಂಡಿಯ ಮೇಲೂ ‘ಕೆಎ 45’ ಎಂದೇ ಆರಂಭವಾಗುವ ಬೇರೊಂದು ಸಂಖ್ಯೆ ಇರಬೇಕು. ವಿಮೆಯ ವಿಚಾರದಲ್ಲಿಯೂ ಹಾಗೆಯೇ. ಟ್ರ್ಯಾಕ್ಟರಿನ ವಿಮೆ ಟ್ರೇಲರನ್ನು ತಾನಾಗಿ ಕಾಯುವುದಿಲ್ಲ.

ಇದು ಬರಿಯ ಕಾಗದದ ಮಾತೆಂದು ಕಡೆಗಣಿಸಿದವರ ಗತಿಯೇನು? ಇಟ್ಟಿಗೆಯ ಗೂಡಿಗೆ ಮಣ್ಣು ಸಾಗಿಸುತ್ತಿದ್ದ ಟ್ರೇಲರಿನಿಂದ ಬಿದ್ದು ಗಾಯಗೊಂಡ ಕೂಲಿಕಾರನೊಬ್ಬನ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ತೀರ್ಮಾನಿಸಿತು. ಟ್ರ್ಯಾಕ್ಟರಿಗೆ ವಿಮೆಯಿತ್ತು, ಅದೂ ಬೇಸಾಯದ ಕೆಲಸಕ್ಕೆ ಮಾತ್ರ, ಟ್ರೇಲರಿಗೆ ಇರಲಿಲ್ಲ. ಪರಿಹಾರದ ಹೊಣೆ ವಿಮೆಯ ಸಂಸ್ಥೆಯದಲ್ಲವೆಂದು ನ್ಯಾಯಾಲಯ ಹೇಳಿತು. ಕೂಲಿಕಾರನ ಬಡತನವನ್ನು ಕಂಡು, ಹಣವನ್ನು ಮೊದಲು ಸಂಸ್ಥೆಯೇ ಕೊಟ್ಟು ಬಳಿಕ ಒಡೆಯನಿಂದ ವಸೂಲು ಮಾಡಿಕೊಳ್ಳಲಿ ಎಂದು ಆಜ್ಞೆಯಾಯಿತು. ಅಂದರೆ ಭಾರ ಕೊನೆಗೆ ಇಳಿದದ್ದು ಒಡೆಯನ ತಲೆಯ ಮೇಲೆಯೇ. ಟ್ರೇಲರು ಕೊಳ್ಳುವ ಮನೆಯವರು ಬೆಲೆ, ಬಡ್ಡಿಗಳ ಜೊತೆಗೆ ಈ ಒಂದು ಲೆಕ್ಕವನ್ನೂ ಬರೆದಿಡುವುದು ಒಳ್ಳೆಯದು.

ಎಲ್ಲಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಎತ್ತು, ಹುಲ್ಲು, ಪಾತ್ರೆಗಳ ಜೊತೆಗೆ ಜನರೂ ಅದೇ ಬಂಡಿಯನ್ನು ಏರುತ್ತಾರೆ. ಕಪ್ಪಡಿಯ ರಾಚಪ್ಪಾಜಿಯ ಜಾತ್ರೆಗೆ, ಬೆಟ್ಟದಪುರದ ಮಲ್ಲಿಕಾರ್ಜುನನ ದರ್ಶನಕ್ಕೆ, ಬೀಗರ ಊರಿನ ಮದುವೆಗೆ ಎಂದು ಓಣಿಗೆ ಓಣಿಯೇ ಹೊರಡುತ್ತದೆ. ಅದರ ಸಂತೋಷವನ್ನು ಅಲ್ಲಗಳೆಯುವಂತಿಲ್ಲ. ಹಿಂದೆ ಕಮಾನುಗಾಡಿಯಲ್ಲಿ ಕುಳಿತು ಹೋದವರ ಮೊಮ್ಮಕ್ಕಳು ಇವರು. ಒಟ್ಟಿಗೆ ಹೋಗುವುದು ಅವರ ರೂಢಿ. ರಾತ್ರಿ ಜಾತ್ರೆ ಮುಗಿದಾಗ ಹಳ್ಳಿಯ ಕಡೆಗೆ ಬಸ್ಸಿರುವುದಿಲ್ಲ. ಡೀಸಲಿನ ಹಣವನ್ನು ಹಂಚಿಕೊಂಡರೆ ತಲೆಗೆ ಬೀಳುವುದು ಅತ್ಯಲ್ಪ. ಆದರೆ ಕಮಾನುಗಾಡಿ ನಡಿಗೆಯ ವೇಗದಲ್ಲಿ ಹೋಗುತ್ತಿತ್ತು. ಎತ್ತಿಗೆ ಕಣ್ಣಿತ್ತು, ಹಳ್ಳವನ್ನು ಕಂಡರೆ ತಾನೇ ನಿಲ್ಲುತ್ತಿತ್ತು. ಟ್ರೇಲರಿನಲ್ಲಿ ಹಿಡಿದುಕೊಳ್ಳಲು ಆಸರೆಯಿಲ್ಲ, ಆಸನವಿಲ್ಲ. ಮಗುಚಿದರೆ ಒಳಗಿರುವವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಬಂಡಿಯಡಿ ಸಿಲುಕುತ್ತಾರೆ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯ ಘಾಟಂಪುರದ ಬಳಿ, ದೇವಿಯ ಗುಡಿಯಲ್ಲಿ ಮಗುವಿನ ಚೌಲವನ್ನು ಮುಗಿಸಿಕೊಂಡು ಹಿಂದಿರುಗುತ್ತಿದ್ದವರ ಟ್ರೇಲರು ಕೊಳಕ್ಕೆ ಮಗುಚಿ 26 ಮಂದಿ ಸತ್ತರು. ಅವರಲ್ಲಿ ಬಹುಮಂದಿ ಹೆಂಗಸರು, ಮಕ್ಕಳು.

ಸರಕಿನ ಬಂಡಿಯಲ್ಲಿ ಜನರನ್ನು ಕೊಂಡೊಯ್ಯಲು ಕಾನೂನಿನ ಸಮ್ಮತಿಯಿಲ್ಲ. ಸರಕಿನ ವಾಹನದಲ್ಲಿ ಬಿಟ್ಟಿಯಾಗಿ ಕುಳಿತು ಹೋಗುವವರ ಪರಿಹಾರಕ್ಕೆ ವಿಮೆಯ ಸಂಸ್ಥೆ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿಯೇ ಸ್ಪಷ್ಟಪಡಿಸಿದೆ. ಅಂದಮೇಲೆ ಉಪಕಾರಕ್ಕೆಂದು ನೆರೆಯವರನ್ನು ಹತ್ತಿಸಿಕೊಂಡ ಒಡೆಯ, ಅನಾಹುತವಾದರೆ ಅದೇ ನೆರೆಯವರಿಗೆ ತನ್ನ ಹೊಲವನ್ನು ಮಾರಿ ಪರಿಹಾರ ಕೊಡಬೇಕಾದೀತು.

ಪೇಟೆಯ ಸಂಸಾರಗಳಿಗೂ ಇದರಲ್ಲಿ ಪಾಲುಂಟು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಮಡಿಕೇರಿಗೆ ಹೋಗುವ 275ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರಿನಲ್ಲಿ ಹೋಗುವವರು, ಕತ್ತಲಲ್ಲಿ ಮುಂದೆ ಟ್ರೇಲರೊಂದು ಇರಬಹುದೆಂಬುದನ್ನು ಮರೆಯಬಾರದು. ಕಾರು ಗಂಟೆಗೆ 80 ಕಿಲೋಮೀಟರ್, ಟ್ರೇಲರು 20 ಎಂದರೆ, ನಡುವಿನ ನೂರು ಮೀಟರು ಕರಗುವುದು ಆರು ಸೆಕೆಂಡುಗಳಲ್ಲಿ. ಹಿಂದೀಪವಿಲ್ಲದ, ಕಬ್ಬಿನ ಜಲ್ಲೆಗಳು ಹೊರಚಾಚಿದ ಬಂಡಿ ಕಣ್ಣಿಗೆ ಬೀಳುವ ವೇಳೆಗೆ ಆ ಆರರಲ್ಲಿ ನಾಲ್ಕು ಮುಗಿದಿರುತ್ತವೆ. ಬಂಡಿಯ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯನ್ನು ಅಂಟಿಸಲು ಆಗುವ ಖರ್ಚು ಅಲ್ಪ. ಊರಿನ ಅಣ್ಣತಮ್ಮಂದಿರ ಟ್ರೇಲರಿಗೆ ಅದನ್ನು ತಂದುಕೊಟ್ಟರೆ, ಹಬ್ಬಕ್ಕೆ ಕೊಂಡೊಯ್ಯುವ ಸಿಹಿಯ ಪೊಟ್ಟಣಕ್ಕಿಂತ ಅದು ಹೆಚ್ಚು ದಿನ ಬಾಳುವ ಉಡುಗೊರೆ.

ಜಾತ್ರೆಗೆಂದು ಊರಿಗೆ ಹೋದಾಗ, ‘ಗಾಡಿಯಲ್ಲಿ ಜಾಗವಿದೆ, ಮಕ್ಕಳನ್ನು ಹತ್ತಿಸಿ’ ಎಂದು ಮಾವನೋ ದೊಡ್ಡಪ್ಪನೋ ಅಕ್ಕರೆಯಿಂದ ಕರೆಯುತ್ತಾರೆ. ಒಲ್ಲೆನೆಂದರೆ ಪೇಟೆಯ ಬಿಂಕ ಎಂದುಕೊಂಡಾರು ಎಂಬ ಸಂಕೋಚದಿಂದಲೇ ಅನೇಕರು ಹತ್ತಿಬಿಡುತ್ತಾರೆ. ಮನಸ್ಸು ನೋಯದಂತೆ ಹೇಳಲು ದಾರಿಯಿಲ್ಲದೆ ಇಲ್ಲ. ಓಣಿಯವರೆಲ್ಲ ಕೂಡಿ ಮೊದಲೇ ಏರ್ಪಡಿಸಿದರೆ ಸಾರಿಗೆ ಸಂಸ್ಥೆಯ ಬಸ್ಸು ಬಾಡಿಗೆಗೆ ದೊರೆಯುತ್ತದೆ. ಪೇಟೆಯವರು ತಮ್ಮ ಪಾಲನ್ನು ತುಸು ಹೆಚ್ಚಾಗಿ ಹಾಕಿದರೆ ಹಳ್ಳಿಯವರಿಗೆ ಹೊರೆಯಾಗದು. ‘ಸಾಮಾನು ಗಾಡಿಯಲ್ಲಿ ಹೋಗಲಿ ಮಾವ, ಅತ್ತೆ, ಮಕ್ಕಳು ನಮ್ಮೊಡನೆ ಬಸ್ಸಿನಲ್ಲಿ ಬರಲಿ’ ಎಂದರೆ ಯಾರೂ ಕೋಪಿಸಿಕೊಳ್ಳುವುದಿಲ್ಲ. ಎತ್ತುಗಳೂ ಹುಲ್ಲೂ ಪಾತ್ರೆಯೂ ನಿಧಾನವಾಗಿ ಹಿಂದಿನಿಂದ ಬರಲಿ; ಅವು ಬರುವುದು ಒಂದು ಗಂಟೆ ತಡವಾದರೆ ಅಡಿಗೆ ಒಂದು ಗಂಟೆ ತಡವಾದೀತು, ಅಷ್ಟೇ.