ತೊಟ್ಟಿಕ್ಕುವ ನಲ್ಲಿಯ ಮುಂದೆ ಶ್ರಾವಕ

ಬೆಳಗಿನ ಜಾವ ಸಾಮಾಯಿಕಕ್ಕೆ ಕುಳಿತ ವೃದ್ಧ ಶ್ರಾವಿಕೆಯೊಬ್ಬರಿಗೆ ಬಚ್ಚಲುಮನೆಯ ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿಸುತ್ತದೆ. ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರಲ್ಲಿರುವ ಮನೆ ಅದು. ಕೊಂಡಾಗಲೇ ಅದರಲ್ಲಿ ಸ್ನಾನದ ಟಬ್ ಇತ್ತು; ಅದರೊಳಗೆ ಮಲಗಿ ಮಿಂದವರು ಆ ಮನೆಯಲ್ಲಿ ಯಾರೂ ಇಲ್ಲ. ಟಬ್ಬಿನ ಮೇಲಿನ ನಲ್ಲಿಯಿಂದ ಬಕೆಟ್ ತುಂಬಿಸಿಕೊಂಡು ತಂಬಿಗೆಯಲ್ಲಿ ಮೀಯುವುದೇ ರೂಢಿ. ಆ ತಾಯಿಯಂತೂ ಸ್ನಾನಕ್ಕೆ ಒಂದೇ ಬಕೆಟ್ ನೀರು ಎಂದು ಬಹುಕಾಲದಿಂದ ನಿಯಮ ಮಾಡಿಕೊಂಡವರು. ಹಗಲು ಅವರು ಅಳೆದು ಬಳಸುವಷ್ಟು ನೀರು ರಾತ್ರಿಯಿಡೀ ಯಾರೂ ಬಳಸದೆ ಮೋರಿ ಸೇರುತ್ತದೆ.

"ನಲ್ಲಿ ಸೋರುತ್ತಿದೆ, ಸ್ವಲ್ಪ ನೋಡಪ್ಪ" ಎಂದು ಅವರು ಮಗನಿಗೆ ಹೇಳಿದ್ದಾರೆ. "ಭಾನುವಾರ ನೋಡೋಣ ಅಮ್ಮ" ಎಂದು ಮಗ ಒಪ್ಪಿದ್ದಾನೆ. ಹೀಗೆ ಆರು ಭಾನುವಾರಗಳು ಕಳೆದಿವೆ. ಇದು ಕೇವಲ ಆಲಸ್ಯವಲ್ಲ. ಟಬ್ಬನ್ನೂ ಕಿತ್ತು, ಹೊಸ ಟೈಲ್ಸ್ ಹಾಕಿಸಿ, ಎಲ್ಲ ನಲ್ಲಿಗಳನ್ನೂ ಹೊಳೆಯುವ ಹೊಸ ಮಾದರಿಗೆ ಬದಲಿಸಬೇಕೆಂಬುದು ಮಗನ ಮನಸ್ಸು. ಇರುವ ಹಿತ್ತಾಳೆಯ ನಲ್ಲಿಗೆ ವಾಷರ್ ಹಾಕಿಸಿದರೆ ಸಾಕೆಂಬುದು ತಾಯಿಯ ಮಾತು. ಅದನ್ನು ತಂದು ಹಾಕಿಸಿದವರು ಈಗಿಲ್ಲದ ಅವರ ಯಜಮಾನರು. ಇಬ್ಬರ ಮಾತಿನ ನಡುವೆ ನಲ್ಲಿ ತನ್ನ ಪಾಡಿಗೆ ಸೋರುತ್ತಲೇ ಇದೆ.

ಇಂಥ ಗೃಹಕೃತ್ಯದ ವಿಷಯಕ್ಕೆ ಆಗಮದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಜಲವೇ ಶರೀರವಾಗಿರುವ ಜೀವಗಳುಂಟೆಂದು ಸಾರಿದ ಧರ್ಮದಲ್ಲಿ ನಲ್ಲಿಯ ಮಾತು ಹೊರಗಿನದಾಗಲಾರದು. ಪೃಥ್ವಿ, ಅಪ್, ತೇಜಸ್, ವಾಯು, ವನಸ್ಪತಿ ಎಂಬ ಐದು ಬಗೆಯ ಸ್ಥಾವರಜೀವಗಳಲ್ಲಿ ಅಪ್ಕಾಯಿಕವು ಎರಡನೆಯದು. ಅದಕ್ಕಿರುವುದು ಸ್ಪರ್ಶವೆಂಬ ಒಂದೇ ಇಂದ್ರಿಯ. ಅದು ಕೂಗುವುದಿಲ್ಲ, ಓಡುವುದಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ನೀರಿನ ನೆಲೆಗೆ ಮರಳಿ ಬಿಡುವ ಜಲಗಾಲನ ವಿಧಿ ಜೈನರ ಮನೆಗಳಲ್ಲಿ ಬೆಳೆದುಬಂದದ್ದು ನೀರಿನ ಬಗೆಗಿನ ಈ ಎಚ್ಚರದಿಂದಲೇ. ಬಾವಿಯ ಕಟ್ಟೆಯ ಮೇಲೆ ಅಷ್ಟು ಜಾಗ್ರತೆಯಿಂದ ನಡೆದುಕೊಂಡವರ ಮೊಮ್ಮಕ್ಕಳು ನಲ್ಲಿಯ ಬುಡದಲ್ಲಿ ಆ ಜಾಗ್ರತೆಯನ್ನು ಮರೆತಿದ್ದರೆ, ಬದಲಾದದ್ದು ಸೌಕರ್ಯ ಮಾತ್ರವಲ್ಲ.

ಗೃಹಸ್ಥನು ನೀರಿಲ್ಲದೆ ಬದುಕಲಾರ. ಅಡುಗೆ, ಸ್ನಾನ, ಅಭಿಷೇಕ, ಬೇಸಾಯ ಎಲ್ಲಕ್ಕೂ ನೀರು ಬೇಕು. ಆದುದರಿಂದಲೇ ಆಚಾರ್ಯರು ಗೃಹಸ್ಥನ ಮೇಲೆ ಆರಂಭಿ ಹಿಂಸೆಯ ಸಂಪೂರ್ಣ ತ್ಯಾಗವನ್ನು ಹೇರಲಿಲ್ಲ; ಬೇಕಾದುದಕ್ಕೆ ಮಿತಿಯನ್ನು ವಿಧಿಸಿದರು, ಬೇಡದುದನ್ನು ಬಿಡಿಸಿದರು. ಈ ಬೇಡದುದರ ತ್ಯಾಗಕ್ಕೆ ಅನರ್ಥದಂಡವ್ರತವೆಂದು ಹೆಸರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು ಐದಾಗಿ ವಿಂಗಡಿಸಿ, ಕೊನೆಯದನ್ನು ಪ್ರಮಾದಚರ್ಯೆ ಎಂದು ಕರೆಯುತ್ತದೆ. ಪ್ರಯೋಜನವಿಲ್ಲದೆ ನೆಲವನ್ನಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನೆಬ್ಬಿಸುವುದು, ಗಿಡವನ್ನು ತರಿಯುವುದು ಈ ಗುಂಪಿಗೆ ಸೇರುತ್ತವೆ. ಯಾರ ದಾಹವನ್ನೂ ತಣಿಸದೆ, ಯಾರ ಮೈಯನ್ನೂ ತೊಳೆಯದೆ ಹರಿಯುವ ನೀರಿಗೆ ಇದಕ್ಕಿಂತ ಸರಿಯಾದ ಹೆಸರು ಸಿಗಲಾರದು.

ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬಹುದು. ಹನಿಯ ಗಾತ್ರ ನಲ್ಲಿಯಿಂದ ನಲ್ಲಿಗೆ ಬೇರೆಯಾಗುತ್ತದೆ. ಒಂದು ಹನಿಯನ್ನು ಕಾಲು ಮಿಲಿಲೀಟರ್ ಎಂದು ಹಿಡಿದರೆ, ಸೆಕೆಂಡಿಗೊಂದರಂತೆ ಬೀಳುವ ಹನಿಗಳು ದಿನಕ್ಕೆ 86,400. ನೀರು 21 ಲೀಟರಿಗೂ ಮಿಗಿಲು. ಅಂದರೆ ಆ ತಾಯಿಯ ನಿಯಮದ ಬಕೆಟ್ಟಿನಷ್ಟು. ಆರು ವಾರಗಳಲ್ಲಿ ಅದು 900 ಲೀಟರ್ ದಾಟುತ್ತದೆ. ಬೆಂಗಳೂರಿಗೆ ಕಾವೇರಿ ತಾನಾಗಿ ಹರಿದು ಬರುವುದಿಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳು ಅವಳನ್ನು ಎತ್ತಿ ತರಬೇಕು. 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಬಡಾವಣೆಗಳು ಟ್ಯಾಂಕರಿನ ದಾರಿ ಕಾದವು. ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ದಂಡದ ಭಯದಿಂದ ಬರುವ ಸಂಯಮ ಮಳೆ ಬಂದೊಡನೆ ಹೋಗುತ್ತದೆ. ವ್ರತಕ್ಕೆ ಮಳೆಗಾಲ ಬೇಸಿಗೆಯೆಂಬ ಭೇದವಿಲ್ಲ.

"ಕೆಳಗೊಂದು ಬಕೆಟ್ ಇಟ್ಟರಾಯಿತು, ನೀರು ದಂಡವಾಗದಲ್ಲ" ಎಂಬ ಸಮಾಧಾನ ಬಹಳ ಮನೆಗಳಲ್ಲಿ ಕೇಳಿಬರುತ್ತದೆ. ಒಂದೆರಡು ದಿನಕ್ಕೆ ಇದು ಸರಿಯೇ. ಆದರೆ ಸೋರುವ ನೀರು ಬಕೆಟ್ಟಿನಲ್ಲಷ್ಟೇ ನಿಲ್ಲುವುದಿಲ್ಲ. ನಲ್ಲಿಯ ಕುತ್ತಿಗೆಯಿಂದ ಜಿನುಗುವ ನೀರು ಗೋಡೆಯನ್ನು ತೋಯಿಸಿ, ಟಬ್ಬಿನ ಅಂಚಿನಿಂದಿಳಿದು ನೆಲವನ್ನು ಸದಾ ಒದ್ದೆಯಾಗಿಡುತ್ತದೆ. ಒದ್ದೆಯಲ್ಲಿ ಪಾಚಿ ಹುಟ್ಟುತ್ತದೆ. ಒಂದೇ ಶರೀರದಲ್ಲಿ ಅನಂತ ಜೀವಗಳು ನೆಲಸಿರುವ ಸಾಧಾರಣ ವನಸ್ಪತಿಯ ಸಾಲಿನಲ್ಲಿ ಶಾಸ್ತ್ರಕಾರರು ಪಾಚಿಯನ್ನು ಎಣಿಸಿದ್ದಾರೆ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ಅದು ನಾಲ್ಕು ಇಂದ್ರಿಯಗಳ ತ್ರಸಜೀವ. ಆಗ ಮನೆಯವರು ಬ್ಲೀಚಿಂಗ್ ಪೌಡರ್, ಫಿನಾಯಿಲ್, ಸೊಳ್ಳೆ ಕೊಲ್ಲುವ ಔಷಧಿ ತರುತ್ತಾರೆ, ಮತ್ತು ಅದನ್ನು ಸ್ವಚ್ಛತೆಯೆಂದು ಕರೆಯುತ್ತಾರೆ. ಕೊನೆಗೊಂದು ದಿನ ಅದೇ ಪಾಚಿಯ ಮೇಲೆ ಕಾಲಿಟ್ಟು ಮನೆಯ ಹಿರಿಯರು ಜಾರಿ ಬೀಳಬಹುದು. ಇಳಿವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಏಕೇಂದ್ರಿಯದಲ್ಲಿ ತೊಡಗಿದ ಅಲಕ್ಷ್ಯ ಪಂಚೇಂದ್ರಿಯದವರೆಗೆ ಬರಲು ತೆಗೆದುಕೊಳ್ಳುವುದು ಒಂದು ಮಳೆಗಾಲ. ಬಿಸಿನೀರಿನ ನಲ್ಲಿ ಸೋರುತ್ತಿದ್ದರಂತೂ ಆ ನೀರನ್ನು ಕಾಯಿಸಿದ ಆರಂಭವೂ ಅದರೊಡನೆ ವ್ಯರ್ಥ.

ಹಾಗಾದರೆ ರಿಪೇರಿಯೋ, ಹೊಸದೋ? ರಿಪೇರಿ ಅಪರಿಗ್ರಹದ ದಾರಿ, ಹೊಸದನ್ನು ಕೊಳ್ಳುವುದು ಭೋಗದ ದಾರಿ ಎಂದು ಒಮ್ಮೆಗೇ ಹೇಳಿಬಿಡುವುದು ಸುಲಭ. ಉಪನ್ಯಾಸಗಳಲ್ಲಿ ಅದಕ್ಕೆ ತಲೆದೂಗುವವರೂ ಹೆಚ್ಚು. ಆದರೆ ಅದು ಪೂರ್ಣ ಸತ್ಯವಲ್ಲ. ಪರಿಗ್ರಹದ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ವಸ್ತುಗಳ ಪಟ್ಟಿಯನ್ನು ಕೊಡದೆ ಮನಸ್ಸಿನ ಮೂರ್ಛೆಯ ಕಡೆಗೆ ಬೆರಳು ತೋರಿಸಿದರು. ಹೊಸ ನಲ್ಲಿಯ ಹೊಳಪಿನಲ್ಲಿ ಮಗನಿಗಿರುವುದು ಮೂರ್ಛೆಯಾದರೆ, ತೀರಿಹೋದ ಯಜಮಾನರು ಮುಟ್ಟಿದ್ದೆಂದು ಸೋರುವ ನಲ್ಲಿಯನ್ನು ಬಿಡಲೊಪ್ಪದ ತಾಯಿಯದೂ ಮೂರ್ಛೆಯೇ. ಒಂದು ಲೋಭದ ಬಣ್ಣದ್ದು, ಇನ್ನೊಂದು ಮಮತೆಯ ಬಣ್ಣದ್ದು. ಎರಡನೆಯದನ್ನು ಕಟುವಾಗಿ ನುಡಿಯಲು ಯಾರಿಗೂ ಮನಸ್ಸು ಬಾರದು; ಆದರೂ ಮಮತೆ ಗೌರವದ ವೇಷದಲ್ಲಿ ಬಂದಾಗ ಅದನ್ನು ಗುರುತಿಸುವುದು ಇನ್ನೂ ಕಷ್ಟ.

ಈ ವಿಷಯದಲ್ಲಿ ದಿಗಂಬರ ಮುನಿಗಳ ಆಚರಣೆಯೊಂದು ದಾರಿ ತೋರಿಸುತ್ತದೆ. ಸರ್ವಸಂಗಪರಿತ್ಯಾಗಿಗಳಾದ ಅವರ ಬಳಿ ಇರುವುದು ನವಿಲುಗರಿಯ ಪಿಂಛಿ, ಕಮಂಡಲು, ಶಾಸ್ತ್ರಗ್ರಂಥ. ಅವುಗಳಲ್ಲಿ ಪಿಂಛಿಯನ್ನು ಅವರು ಜೀವಮಾನವಿಡೀ ಒಂದನ್ನೇ ಇಟ್ಟುಕೊಳ್ಳುವುದಿಲ್ಲ. ಚಾತುರ್ಮಾಸ ಮುಗಿದ ಮೇಲೆ ಪಿಂಛಿ ಪರಿವರ್ತನ ನಡೆಯುತ್ತದೆ; ಹಳೆಯದು ಸಂಯಮದ ನಿಯಮ ಸ್ವೀಕರಿಸಿದ ಶ್ರಾವಕರ ಕೈ ಸೇರುತ್ತದೆ. ಕಾರಣ ಸರಳ. ಗರಿ ಸವೆದು ಒರಟಾದರೆ, ಜೀವಗಳನ್ನು ಮೃದುವಾಗಿ ಸರಿಸಬೇಕಾದ ಉಪಕರಣವೇ ಅವುಗಳನ್ನು ನೋಯಿಸುತ್ತದೆ. ಎಲ್ಲವನ್ನೂ ಬಿಟ್ಟವರೂ ಬದಲಿಸಬೇಕಾದುದನ್ನು ಬದಲಿಸುತ್ತಾರೆ. ಹಳೆಯದೆಂಬ ಬೇಸರದಿಂದ ಅವರು ಅದನ್ನು ಬಿಡುವುದಿಲ್ಲ. ತನ್ನದೆಂಬ ಮೋಹದಿಂದ ಹಿಡಿದಿಟ್ಟುಕೊಳ್ಳುವುದೂ ಇಲ್ಲ. ಉಪಕರಣ ತನ್ನ ಕೆಲಸ ಮಾಡುತ್ತಿದೆಯೇ ಎಂಬುದೊಂದೇ ಅಲ್ಲಿನ ಪ್ರಶ್ನೆ. ನಲ್ಲಿಯ ಕೆಲಸವೂ ಒಂದು ಬಗೆಯ ಸಂಯಮ: ಬೇಕಾದಾಗ ಬಿಡುವುದು, ಬೇಡವಾದಾಗ ತಡೆಯುವುದು. ತಡೆಯುವ ಶಕ್ತಿ ಅದರಲ್ಲಿ ಇನ್ನೂ ಉಳಿದಿದೆಯೇ ಎಂಬುದನ್ನು ಮೊದಲು ಬಿಚ್ಚಿ ನೋಡಬೇಕು.

ಬಿಚ್ಚದೆ ಆಡುವ ವಾದಕ್ಕೆ ಬೆಲೆಯಿಲ್ಲ. ಹಳೆಯ ಮಾದರಿಯ ನಲ್ಲಿಯಲ್ಲಿ ತಿರುಗುವ ತಿರುಪಿನ ತುದಿಗೆ ರಬ್ಬರಿನ ವಾಷರ್ ಇರುತ್ತದೆ. ಅದು ಕೆಳಗಿನ ಲೋಹದ ಅಂಚಿನ ಮೇಲೆ ಒತ್ತಿ ಕುಳಿತಾಗ ನೀರು ನಿಲ್ಲುತ್ತದೆ. ರಬ್ಬರು ಗಡುಸಾಗಿ ಸೀಳಿದ್ದರೆ ಕೆಲವೇ ರೂಪಾಯಿಗಳ ಹೊಸ ವಾಷರ್ ಸಾಕು. ಕುತ್ತಿಗೆಯಲ್ಲಿ ಜಿನುಗುತ್ತಿದ್ದರೆ ಅಲ್ಲಿನ ಪ್ಯಾಕಿಂಗ್ ಬದಲಿಸಬೇಕು. ಹೊಸ ವಾಷರ್ ಹಾಕಿದ ಮೇಲೂ ಸೋರಿದರೆ, ವಾಷರ್ ಕೂರುವ ಅಂಚು ಕೊಳವೆಬಾವಿಯ ಗಡುಸುನೀರಿನಿಂದಲೋ ಮರಳಿನ ಕಣದಿಂದಲೋ ಸವೆದಿದೆಯೆಂದು ತಿಳಿಯಬೇಕು. ಅದನ್ನು ಉಜ್ಜಿ ಸಮಮಾಡಲೂ ಬರುತ್ತದೆ. ಅರ್ಧ ಸುತ್ತಿಗೂ ಮೊದಲೇ ನಿಲ್ಲುವ ಈಚಿನ ನಲ್ಲಿಗಳಲ್ಲಿ ರಬ್ಬರಿನ ಬದಲು ಸೆರಾಮಿಕ್ ಬಿಲ್ಲೆಗಳಿವೆ. ಒಳಗಿನ ಕಾರ್ಟ್ರಿಜ್ ಅಂಗಡಿಯಲ್ಲಿ ಸಿಕ್ಕರೆ ನಲ್ಲಿಯನ್ನೇ ಎಸೆಯಬೇಕಾಗಿಲ್ಲ. ಆದರೆ ಮೈಯೇ ಬಿರಿದಿದ್ದರೆ, ಹಿತ್ತಾಳೆಯೊಳಗಿನ ಸತು ಕರಗಿಹೋಗಿ ಲೋಹ ಕೆಂಪೇರಿ ಪೆಡಸಾಗಿದ್ದರೆ, ತಿಂಗಳಿಗೊಮ್ಮೆ ವಾಷರ್ ಹಾಕಿಸುವುದು ಮಿತವ್ಯಯವಲ್ಲ. ಅದು ಸೋರಿಕೆಗೆ ಕೊಡುವ ವಾಯಿದೆ.

ಸರಿಪಡಿಸಬಹುದಾದುದನ್ನು ಎಸೆಯುವುದರಲ್ಲಿರುವ ದೋಷವೂ ಸಣ್ಣದಲ್ಲ. ಒಂದು ಹಿತ್ತಾಳೆ ನಲ್ಲಿಯ ಹಿಂದೆ ತಾಮ್ರ ಸತುಗಳಿಗಾಗಿ ಅಗೆದ ನೆಲವಿದೆ, ಅದಿರನ್ನು ಕರಗಿಸಿದ ಬೆಂಕಿಯಿದೆ, ಲೇಪದ ಕಾರ್ಖಾನೆ ಕೊಳಕಾಗಿಸಿದ ನೀರಿದೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು ಎಂಬ ಕೃತ, ಕಾರಿತ, ಅನುಮೋದನೆಗಳ ಲೆಕ್ಕವನ್ನು ಜೈನಾಚಾರ್ಯರಷ್ಟು ನಿಷ್ಠುರವಾಗಿ ಇಟ್ಟವರು ವಿರಳ. ಅಂಗಡಿಯಲ್ಲಿ ಹಣ ಕೊಟ್ಟವನು ಗಣಿಯನ್ನು ಕಾಣಲಿಲ್ಲವೆಂದ ಮಾತ್ರಕ್ಕೆ ಆ ಲೆಕ್ಕದಿಂದ ಹೊರಗುಳಿಯುವುದಿಲ್ಲ. ಒಂದು ನಲ್ಲಿಯ ನೆಪದಲ್ಲಿ ಇಡೀ ಬಚ್ಚಲುಮನೆಯನ್ನು ಒಡೆಸುವ ಮಗನ ಯೋಜನೆ ನಿಲ್ಲಬೇಕಾದುದು ಇಲ್ಲಿಯೇ.

ಇನ್ನೊಂದು ಮಾತು ಪ್ಲಂಬರನನ್ನು ಕುರಿತದ್ದು. ಇದನ್ನು ಧರ್ಮಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಹೊಸ ನಲ್ಲಿಗೆ ಅಂಗಡಿಯವನು ಹೇಳಿದ ಸಾವಿರಾರು ರೂಪಾಯಿಯನ್ನು ಮರುಮಾತಿಲ್ಲದೆ ತೆರುವ ಗೃಹಸ್ಥರು, ಗಂಟೆಯ ಕಾಲ ಕೂತು ಹಳೆಯ ನಲ್ಲಿಯನ್ನು ಸರಿಮಾಡಿದವನೊಡನೆ "ಐದು ರೂಪಾಯಿ ವಾಷರಿಗೆ ಇಷ್ಟೊಂದೇ?" ಎಂದು ಚೌಕಾಸಿಗಿಳಿಯುತ್ತಾರೆ. ಅವನ ದುಡಿಮೆಯ ಬೆಲೆ ವಾಷರಿನ ಬೆಲೆಯಲ್ಲ. ರಿಪೇರಿಯಿಂದ ಹೊಟ್ಟೆ ತುಂಬದೆಂದು ಅರಿತ ಮೇಲೆ ಅವನು ಮುಂದಿನ ಮನೆಯಲ್ಲಿ ನಲ್ಲಿಯನ್ನು ಬಿಚ್ಚುವ ಮೊದಲೇ "ಇದು ಹೋಗಿದೆ ಅಮ್ಮಾ, ಹೊಸದೇ ಹಾಕಿಸಿ" ಎನ್ನುತ್ತಾನೆ. ಅವನ ಬಾಯಲ್ಲಿ ಬಂದ ಅಸತ್ಯದಲ್ಲಿ ಹಿಂದಿನ ಮನೆಯವರ ಪಾಲೂ ಇದೆ. ಅಚೌರ್ಯವೆಂದರೆ ಪರರ ಒಡವೆಯನ್ನು ಮುಟ್ಟದಿರುವುದಷ್ಟೇ ಎಂದು ತಿಳಿದವರು ಪರರ ಶ್ರಮದ ವಿಷಯವನ್ನು ಮರೆಯುತ್ತಾರೆ. ಒಳ್ಳೆಯ ಪ್ಲಂಬರನಿಗೆ ಬಿಚ್ಚಿ ನೋಡಿ ನಿಜ ಹೇಳಿದ್ದಕ್ಕೇ ಕೂಲಿ ಕೊಡುವ ಮನೆಯಲ್ಲಿ ಅರ್ಧ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ.

ಆದರೂ ಈ ಪ್ರಕರಣದಲ್ಲಿ ಅತಿ ದೊಡ್ಡ ದೋಷ ರಿಪೇರಿಯಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ಕಳೆದುಹೋದ ಆ ಆರು ಭಾನುವಾರಗಳಲ್ಲಿದೆ. ಹಿಂಸೆಯ ಲಕ್ಷಣ ಹೇಳುವಾಗ ಉಮಾಸ್ವಾಮಿಗಳು ಪ್ರಾಣಘಾತಕ್ಕೆ ಮೊದಲು ಪ್ರಮಾದವನ್ನಿಟ್ಟರು. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದೆ ಹೋಗಿ, ಜೀವ ಸಾಯಲಿ ಬದುಕಲಿ, ಎಚ್ಚರಗೇಡಿಗೆ ಹಿಂಸೆಯ ದೋಷ ತಪ್ಪದು, ಯತ್ನದಿಂದ ನಡೆಯುವವನನ್ನು ಕೇವಲ ಘಟಿಸಿದ ಘಾತ ಕಟ್ಟಿಹಾಕದು ಎಂಬ ಅಭಿಪ್ರಾಯವನ್ನು ತಿಳಿಸಿದ್ದಾರೆ. ಯಾವುದು ಸರಿ ಎಂದು ಅಮ್ಮ ಮಗ ಇಬ್ಬರೂ ಯೋಚಿಸುತ್ತಿದ್ದರೆಂಬುದು ನಿಜ. ಯೋಚನೆ ಮುಗಿಯುವವರೆಗೆ ಕೆಳಗಿನ ವಾಲ್ವ್ ತಿರುಗಿಸಿ ಆ ಕೊಳವೆಯ ನೀರನ್ನು ನಿಲ್ಲಿಸಬಹುದಿತ್ತು. ಅದಕ್ಕೆ ಪ್ಲಂಬರ್ ಬೇಕಿರಲಿಲ್ಲ, ಹಣವೂ ಬೇಕಿರಲಿಲ್ಲ. ಅಡುಗೆಮನೆಯಿಂದ ಬಕೆಟ್ ಹೊತ್ತು ತರುವ ತೊಂದರೆಯೊಂದೇ ಅಡ್ಡಿ. ಅನೇಕಾಂತದ ಹೆಸರಿನಲ್ಲಿ ಎಲ್ಲ ಪಕ್ಷಗಳನ್ನೂ ಮನ್ನಿಸುತ್ತ ಕೂರುವವರು ನೆನಪಿಡಬೇಕಾದ ಸಂಗತಿ ಇದು: ಆ ಸಿದ್ಧಾಂತ ವಸ್ತುವನ್ನು ಸರಿಯಾಗಿ ಅರಿಯುವುದಕ್ಕೆ ಇದೆ, ಕೆಲಸವನ್ನು ಮುಂದೂಡುವುದಕ್ಕಲ್ಲ.

ಕಡೆಗೆ ಆ ಮನೆಗೆ ಪ್ಲಂಬರ್ ಬಂದದ್ದು ಏಳನೆಯ ಭಾನುವಾರ. ಬಿಚ್ಚಿದಾಗ ವಾಷರ್ ಕಲ್ಲಿನಂತಾಗಿತ್ತು. ಅದು ಕೂರುವ ಅಂಚಿನಲ್ಲಿ ಗುಳಿ ಬಿದ್ದಿತ್ತು. ಕುತ್ತಿಗೆಯ ಹಿತ್ತಾಳೆ ಕೆಂಪಾಗಿ, ಸ್ಪ್ಯಾನರ್ ತಾಕಿದಲ್ಲಿ ಚೂರು ಉದುರಿತು. ತಾಯಿ ಅದನ್ನು ಅಂಗೈಯಲ್ಲಿಟ್ಟು ನೋಡಿ, "ಇದರ ಆಯುಷ್ಯ ಮುಗಿದಿದೆ" ಎಂದರು. ಅದೊಂದೇ ನಲ್ಲಿ ಬದಲಾಯಿತು. ಟಬ್, ಟೈಲ್ಸ್, ಉಳಿದ ನಲ್ಲಿಗಳು ಹಾಗೆಯೇ ಉಳಿದವು. ಅಟ್ಟದ ಮೇಲೆ ಎತ್ತಿಡಲೆಂದು ಸೊಸೆ ಹಳೆಯ ನಲ್ಲಿಯನ್ನು ಡಬ್ಬಿಗೆ ಹಾಕಹೊರಟಾಗ ಅವರೇ ತಡೆದು, ಕರಗಿಸಿದರೆ ಇನ್ನೊಂದಕ್ಕಾದರೂ ಆದೀತೆಂದು ಗುಜರಿಯ ಚೀಲಕ್ಕೆ ಹಾಕಿಸಿದರು. ಹೊಸದನ್ನು ಬಿಗಿಯಾಗಿ ತಿರುಚಬೇಡ, ನೀರು ನಿಂತಷ್ಟಕ್ಕೆ ಕೈ ಬಿಡು ಎಂದು ಮೊಮ್ಮಗನಿಗೆ ಹೇಳಿ, ಬಕೆಟ್ ಇಟ್ಟುಕೊಂಡರು.